ಗುಜರಿ ವೈಸ್, ಮಿಕ್ಸಿ ಮೋಟಾರು: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: ಮನೆಯ ಹಿಂದಿನ ಜಗಲಿಯಲ್ಲಿ ಸಣ್ಣದೊಂದು ಕೆಲಸದ ಜಾಗ ಮಾಡಿಕೊಳ್ಳುತ್ತಿದ್ದೇನೆ. ಗುಜರಿ ಅಂಗಡಿಯಿಂದ ತುಕ್ಕು ಹಿಡಿದ ನಾಲ್ಕು ಇಂಚಿನ ವೈಸ್ (ಮೇಜಿಗೆ ಕೂರಿಸಿ ವಸ್ತುವನ್ನು ಬಿಗಿಹಿಡಿಯುವ ಸಾಧನ), ಮೂರು ಹಳೆಯ ಮರಗೆಲಸದ ಉಳಿ, ಗಾರ್ಡ್ (ಡಿಸ್ಕಿನ ಕವಚ) ಇಲ್ಲದ ನಾಲ್ಕು ಇಂಚಿನ ಗ್ರೈಂಡರ್ (ಲೋಹ ಕತ್ತರಿಸುವ, ಉಜ್ಜುವ ಕೈಯಂತ್ರ) ತಂದಿದ್ದೇನೆ. ದಪ್ಪ, ವ್ಯಾಸ ಅಳೆಯುವ ಅಗ್ಗದ ಡಿಜಿಟಲ್ ವರ್ನಿಯರ್ ಒಂದು ಇದೆ. ಹಳೆಯ ಮಿಕ್ಸಿಯ ಮೋಟಾರಿಗೆ ಆರು ಇಂಚಿನ ಸಾಣೆಕಲ್ಲು ಕೂರಿಸಿ ಉಳಿಗಳನ್ನು ಹರಿತ ಮಾಡಬೇಕೆಂದಿದ್ದೇನೆ. ಕೈಯಲ್ಲಿ ಇನ್ನು ಮೂರು ಸಾವಿರ ರೂಪಾಯಿ ಇದೆ. ಇದನ್ನೆಲ್ಲ ಹೇಗೆ ಸರಿಮಾಡಲಿ, ಉಳಿದ ಹಣಕ್ಕೆ ಏನು ಕೊಳ್ಳಲಿ, ಗುಜರಿಯಲ್ಲಿ ಮುಂದೆ ಏನನ್ನು ಹುಡುಕಲಿ? – ಓದುಗರು, ಸಕಲೇಶಪುರ

ಉತ್ತರ: ಮೊದಲು ಮಿಕ್ಸಿ ಮೋಟಾರಿನ ವಿಚಾರ. ಉಳಿದದ್ದೆಲ್ಲ ಕಾಯಬಹುದು, ಇದು ಕಾಯುವಂಥದ್ದಲ್ಲ. ಅದಕ್ಕೆ ಸಾಣೆಕಲ್ಲು ಕೂರಿಸಬೇಡಿ.

ಆರು ಇಂಚಿನ, ಅಂದರೆ 150 ಮಿ.ಮೀ. ಕಲ್ಲಿನ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 35 ಮೀಟರ್ ಎಂದು ಗರಿಷ್ಠ ವೇಗ ಅಚ್ಚಾಗಿರುತ್ತದೆ. ಅದು ಕಲ್ಲಿನ ಅಂಚು ಓಡಬಹುದಾದ ವೇಗ. ಸುತ್ತಿನ ಲೆಕ್ಕಕ್ಕೆ ತಂದರೆ ನಿಮಿಷಕ್ಕೆ ಸುಮಾರು 4,450 ಸುತ್ತು. ಮಿಕ್ಸಿಯ ಮೋಟಾರು ಖಾಲಿ ತಿರುಗುವಾಗ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ಓಡುತ್ತದೆ. ವೇಗ ನಾಲ್ಕು ಪಟ್ಟಾದರೆ ಕಲ್ಲನ್ನು ಹೊರಗೆಳೆಯುವ ಬಲ ಹದಿನಾರು ಪಟ್ಟಾಗುತ್ತದೆ. ಕಲ್ಲು ಮರಳಿನಂಥ ಕಣಗಳನ್ನು ಅಂಟಿಸಿ ಸುಟ್ಟ ಬಿಲ್ಲೆಯಷ್ಟೇ, ಅಷ್ಟು ಬಲ ತಡೆಯದು. ಸಿಡಿದ ಚೂರು ಎದುರಿಗೆ ನಿಂತವರ ಮುಖಕ್ಕೇ ಬರುತ್ತದೆ.

ಫ್ಯಾನಿನ ರೆಗ್ಯುಲೇಟರ್ ಹಾಕಿ ವೇಗ ಇಳಿಸಿಕೊಂಡರಾಯಿತು ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದು ನಡೆಯುವುದಿಲ್ಲ. ಮಿಕ್ಸಿಯದು ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಇಂಗಾಲದ ತುಂಡು) ಇರುವ ಮೋಟಾರು. ಹೊರೆ ಬಿದ್ದರೆ ನಿಧಾನ, ಹೊರೆ ಬಿಟ್ಟರೆ ಓಟ, ಅದರ ಗುಣವೇ ಹಾಗೆ. ಉಳಿ ಒತ್ತಿದಾಗ ಸರಿಯಾಗಿ ಕಂಡ ವೇಗ, ಉಳಿ ಎತ್ತಿದ ಕ್ಷಣ ಏರಿಬಿಡುತ್ತದೆ. ಮೇಲಾಗಿ ಅದು ಕೆಲವು ನಿಮಿಷ ಓಡಿ ತಣಿಯಲೆಂದು ಮಾಡಿದ ಮೋಟಾರು, ಅರ್ಧ ಗಂಟೆ ಸಾಣೆ ಹಿಡಿದರೆ ವೈಂಡಿಂಗ್, ಅಂದರೆ ಒಳಗಿನ ತಂತಿಯ ಸುರುಳಿ, ಸುಡುತ್ತದೆ. ತಿರುಗುವ ಕಲ್ಲೇ ಬೇಕೆಂದಾದರೆ ಬ್ರಷ್ ಇಲ್ಲದ, ನಿಮಿಷಕ್ಕೆ 1,440 ಅಥವಾ 2,880 ಸುತ್ತಿನ ಮೋಟಾರು ಹುಡುಕಿ. 2,880ರಲ್ಲಿ ಆರು ಇಂಚಿನ ಕಲ್ಲಿನ ಅಂಚು ಸೆಕೆಂಡಿಗೆ ಸುಮಾರು 22.6 ಮೀಟರ್ ಓಡುತ್ತದೆ, ಮಿತಿಯ ಒಳಗೇ ಇರುತ್ತದೆ. ಆದರೂ ಕಲ್ಲಿನ ಸುತ್ತ ಉಕ್ಕಿನ ಕವಚ ಬೇಕು. ಕೂರಿಸುವ ಮುನ್ನ ಕಲ್ಲನ್ನು ರಂಧ್ರಕ್ಕೆ ದಾರ ಕಟ್ಟಿ ತೂಗಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ದನಿ ಬಂದರೆ ಸರಿ, ಒಡೆದ ಮಡಕೆಯ ದನಿ ಬಂದರೆ ಒಳಗೆ ಬಿರುಕಿದೆ.

ನಿಮ್ಮ ಮೂರು ಉಳಿಗಳಿಗೆ ಮೋಟಾರೇ ಬೇಕಿಲ್ಲ. ಆ ವಿಚಾರ ಮುಂದೆ ಬರುತ್ತದೆ.

ಗ್ರೈಂಡರ್

ಗಾರ್ಡ್ ಸಿಗುವವರೆಗೆ ಅದರ ಪ್ಲಗ್ಗನ್ನು ಸಾಕೆಟ್ಟಿಗೆ ಹಾಕಬೇಡಿ. ಯಂತ್ರದ ಕುತ್ತಿಗೆಯ ವ್ಯಾಸ ಅಳೆದುಕೊಂಡು, ಸಾಧ್ಯವಾದರೆ ಯಂತ್ರವನ್ನೇ ಹಿಡಿದುಕೊಂಡು, ಪವರ್ ಟೂಲ್ ರಿಪೇರಿ ಅಂಗಡಿಗೆ ಹೋಗಿ. ಹೊಂದುವ ಗಾರ್ಡ್ ಸಿಗುತ್ತದೆ, ದುಬಾರಿ ಸಾಮಾನಲ್ಲ. ಅಲ್ಲೇ ಡಿಸ್ಕಿನ ಒಳಗಿನ ಮತ್ತು ಹೊರಗಿನ ಫ್ಲಾಂಜ್ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬಿಲ್ಲೆ) ಎರಡೂ ಸರಿಯಾದವೇ ಎಂದು ನೋಡಿಕೊಳ್ಳಿ. ನಾಲ್ಕು ಇಂಚಿನ ಡಿಸ್ಕಿನ ತೂತು 16 ಮಿ.ಮೀ., ಐದು ಇಂಚಿನದು 22.23 ಮಿ.ಮೀ. ದೊಡ್ಡ ತೂತಿನ ಡಿಸ್ಕನ್ನು ವಾಷರ್ ತುಂಬಿಸಿ ಕೂರಿಸಿದರೆ ಅದು ನಡುವಿನಿಂದ ಸರಿದು ಅದುರುತ್ತದೆ. ಐದು ಇಂಚಿನ ಡಿಸ್ಕನ್ನು ನಾಲ್ಕು ಇಂಚಿನ ಯಂತ್ರಕ್ಕೆ ಹಾಕಲೆಂದೇ ಎಷ್ಟೋ ಜನ ಗಾರ್ಡ್ ಬಿಚ್ಚಿ ಎಸೆದಿರುತ್ತಾರೆ. ನಿಮ್ಮ ಯಂತ್ರಕ್ಕೆ ಗಾರ್ಡ್ ಇಲ್ಲದಿರುವುದಕ್ಕೂ ಅದೇ ಕಾರಣವಿದ್ದರೆ ಆಶ್ಚರ್ಯವಿಲ್ಲ.

ಗಾರ್ಡ್ ಕೂರಿಸಿದ ಮೇಲೆ, ಡಿಸ್ಕ್ ಹಾಕದೆ ಒಮ್ಮೆ ಓಡಿಸಿ ಗಾಳಿಯ ಕಿಂಡಿಯಿಂದ ಒಳಗೆ ನೋಡಿ. ಬ್ರಷ್ಷಿನ ಬುಡದಲ್ಲಿ ಸಣ್ಣ ನೀಲಿ ಕಿಡಿ ಸಹಜ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಯ, ಅಂದರೆ ಕಮ್ಯುಟೇಟರಿನ, ಸುತ್ತ ಬೆಂಕಿಯ ಉಂಗುರ ಕಂಡರೆ ತಕ್ಷಣ ನಿಲ್ಲಿಸಿ, ಪ್ಲಗ್ ಕಿತ್ತು ಬ್ರಷ್ ಹೊರಗೆ ತೆಗೆಯಿರಿ. ಐದಾರು ಮಿ.ಮೀ.ಗಿಂತ ಚಿಕ್ಕದಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಹೊಸ ಬ್ರಷ್ ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಖಾಲಿ ಓಡಿಸಿ. ಆಮೇಲೂ ಉಂಗುರ ಹೋಗದಿದ್ದರೆ ಕಮ್ಯುಟೇಟರಿನ ತಾಮ್ರದ ಪಟ್ಟಿಗಳನ್ನು ಒಂದೊಂದಾಗಿ ನೋಡಿ. ಒಂದೆರಡು ಮಾತ್ರ ಕಪ್ಪಗೆ ಸುಟ್ಟಿದ್ದರೆ ಆರ್ಮೇಚರಿನ, ಅಂದರೆ ತಿರುಗುವ ಭಾಗದ, ಸುರುಳಿ ಹೋಗಿದೆ ಎಂದರ್ಥ. ಅದನ್ನು ರೀವೈಂಡ್ ಮಾಡಿಸುವ ಖರ್ಚಿಗೆ ಅಗ್ಗದ ಯಂತ್ರ ತಕ್ಕುದಲ್ಲ, ಅಲ್ಲಿಗೇ ಕೈಬಿಡಿ.

ಡಿಸ್ಕ್ ಕೊಳ್ಳುವಾಗ ಎರಡು ಕಡೆ ಕಣ್ಣಿಡಿ. ಒಂದು, ಮೇಲೆ ಬರೆದ ಗರಿಷ್ಠ ಸುತ್ತು. 100 ಮಿ.ಮೀ. ಡಿಸ್ಕಿಗೆ ಅದು ಸುಮಾರು 15,300 ಇರುತ್ತದೆ. ಯಂತ್ರದ ಪಟ್ಟಿಯಲ್ಲಿ ಬರೆದ ಸುತ್ತು, ಸಾಮಾನ್ಯವಾಗಿ 11,000ದ ಹತ್ತಿರ, ಅದಕ್ಕಿಂತ ಕಡಿಮೆ ಇರಲೇಬೇಕು. ಇನ್ನೊಂದು, ನಡುವಿನ ಲೋಹದ ಉಂಗುರದ ಮೇಲೆ ಅಚ್ಚಾದ ದಿನಾಂಕ. ಡಿಸ್ಕಿನ ಕಣಗಳನ್ನು ಹಿಡಿದಿಡುವ ರಾಳ ಕಾಲಕ್ರಮೇಣ ತೇವ ಹೀರಿ ಸೊರಗುತ್ತದೆ. ಅದಕ್ಕೇ ತಯಾರಿಸಿದ ದಿನದಿಂದ ಮೂರು ವರ್ಷದ ಅವಧಿ ಇಟ್ಟಿರುತ್ತಾರೆ. ರಾಶಿ ಹಾಕಿ ಅರ್ಧ ಬೆಲೆಗೆ ಮಾರುವ ಡಿಸ್ಕುಗಳಲ್ಲಿ ಅವಧಿ ಮುಗಿದವು ಬೇಕಾದಷ್ಟಿರುತ್ತವೆ. ನಿಮ್ಮ ಊರಿನ ಮಳೆಗಾಲದಲ್ಲಂತೂ ಹೊಸ ಡಿಸ್ಕನ್ನೂ ಮುಚ್ಚಳವಿರುವ ಡಬ್ಬಿಯಲ್ಲೇ ಇಡಬೇಕು.

ಒಂದು ಮಿ.ಮೀ. ದಪ್ಪದ ಕಟಿಂಗ್ ಡಿಸ್ಕಿನ ಬದಿಯಿಂದ ಉಜ್ಜಬೇಡಿ, ಅದು ಅಂಚಿನಿಂದ ಕತ್ತರಿಸಲಿಕ್ಕೆ ಮಾತ್ರ. ಉಜ್ಜಲು ಆರು ಮಿ.ಮೀ. ದಪ್ಪದ್ದು ಬೇರೆಯೇ ಇದೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಈ ಯಂತ್ರಕ್ಕೆ ಹಾಕಲೇಬೇಡಿ. ಹಲ್ಲು ಮರಕ್ಕೆ ಕಚ್ಚಿಕೊಂಡರೆ ಯಂತ್ರ ಕೈಯಿಂದ ಚಿಮ್ಮಿ ತೊಡೆಗೋ ಕುತ್ತಿಗೆಗೋ ಬರುತ್ತದೆ.

ವೈಸ್

ನೀವು ತಂದದ್ದರಲ್ಲಿ ಮನಸ್ಸಿಟ್ಟು ದುಡಿಯಲು ಯೋಗ್ಯವಾದದ್ದು ಇದು. ತುಕ್ಕಿಗೆ ಹೆದರಬೇಕಿಲ್ಲ, ಹೆದರಬೇಕಾದ್ದು ಬಿರುಕಿಗೆ. ನಾಲ್ಕು ಇಂಚಿನ ಹೆಚ್ಚಿನ ವೈಸುಗಳು ಬೀಡುಕಬ್ಬಿಣದವು. ಹಿಡಿಗೆ ಪೈಪ್ ತೊಡಿಸಿ ಬಿಗಿದವರ ಕೈಯಲ್ಲಿ, ಇಲ್ಲವೇ ಅದನ್ನೇ ಅಡಿಗಲ್ಲು ಮಾಡಿಕೊಂಡು ಸುತ್ತಿಗೆ ಹಾಕಿದವರ ಕೈಯಲ್ಲಿ ಅವು ಸೀಳುತ್ತವೆ. ಸೀಳಿದ್ದಕ್ಕೆ ಪುಟ್ಟಿ ಮೆತ್ತಿ, ನೀಲಿ ಬಣ್ಣ ಬಳಿದು ಮಾರುವುದೂ ಇದೆ. ಆ ದೃಷ್ಟಿಯಿಂದ ತುಕ್ಕು ಹಿಡಿದದ್ದೇ ವಾಸಿ, ಹೊಸ ಬಣ್ಣದ್ದನ್ನು ನಂಬುವುದು ಕಷ್ಟ.

ಬಿರುಕು ಹುಡುಕುವ ಕ್ರಮ ಸುಲಭ. ದವಡೆಯ ಬುಡ, ಸ್ಕ್ರೂ ಹಾಯುವ ತೂತಿನ ಸುತ್ತ, ಬೋಲ್ಟು ಹಾಕುವ ಕಿವಿಗಳು, ಈ ಮೂರು ಕಡೆ ತಂತಿ ಬ್ರಷ್ಷಿನಿಂದ ಉಜ್ಜಿ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ. ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಬಳಪದ ಪುಡಿ ಸವರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು, ಬಿಳಿ ಪುಡಿಯ ಮೇಲೆ ಗೆರೆ ಎದ್ದು ಕಾಣುತ್ತದೆ. ಗೆರೆ ಕಂಡರೆ ವೆಲ್ಡಿಂಗಿಗೆ ದುಡ್ಡು ಸುರಿಯಬೇಡಿ. ಬೀಡಿನ ವೆಲ್ಡಿಂಗಿಗೆ ಬೇರೆ ರಾಡು ಬೇಕು, ಮೊದಲು ಕಾಯಿಸಬೇಕು, ನಿಧಾನವಾಗಿ ಆರಿಸಬೇಕು. ದವಡೆಯಂಥ ಜಾಗದಲ್ಲಿ ಅಷ್ಟಾದರೂ ಭರವಸೆ ಇಲ್ಲ.

ಬಿರುಕಿಲ್ಲದಿದ್ದರೆ ಬಿಚ್ಚಿ. ಹಿಡಿಯನ್ನು ಎಡಕ್ಕೆ ತಿರುಗಿಸುತ್ತ ಹೋದರೆ ಮುಂದಿನ ದವಡೆ ಪೂರ್ತಿ ಹೊರಬರುತ್ತದೆ. ಒಳಗಿನ ನಟ್ಟು ಅಡಿಯಿಂದ ಬೋಲ್ಟಿನಲ್ಲೋ ಪಿನ್ನಿನಲ್ಲೋ ಕೂತಿರುತ್ತದೆ. ದವಡೆಯ ಪಟ್ಟಿಗಳ ಸ್ಕ್ರೂ ಸಾಮಾನ್ಯವಾಗಿ ಕಚ್ಚಿಕೊಂಡಿರುತ್ತವೆ. ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಿಟ್ಟು ಒಂದು ರಾತ್ರಿ ನೆನೆಸಿ. ಬೆಳಿಗ್ಗೆ ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರ್ ಇಟ್ಟು, ಸುತ್ತಿಗೆಯಿಂದ ನಾಲ್ಕು ಬಾರಿ ನೇರಕ್ಕೆ ಬಡಿದು ಆಮೇಲೆ ತಿರುಗಿಸಿ. ಬಡಿತಕ್ಕೆ ತುಕ್ಕು ಸಡಿಲುತ್ತದೆ. ಬರೀ ತಿರುಗಿಸಿದರೆ ತಲೆ ಸವೆದುಹೋಗುತ್ತದೆ. ಗ್ಯಾಸ್ ಉರಿ ಮಾತ್ರ ತೋರಿಸಬೇಡಿ. ಒಂದೇ ಕಡೆ ಕಾದರೆ ಬೀಡು ಬಿರಿಯುತ್ತದೆ.

ತುಕ್ಕು ತೆಗೆಯಲು ಕರೆಂಟಿನ ಸ್ನಾನ ಒಳ್ಳೆಯದು. ಆಸಿಡ್ಡಿನ ಹಾಗೆ ಅದು ಒಳ್ಳೆಯ ಲೋಹ ತಿನ್ನುವುದಿಲ್ಲ. ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ ನಾಲ್ಕೈದು ಚಮಚ ವಾಷಿಂಗ್ ಸೋಡಾ ಕರಗಿಸಿ. ಚಮಚ ಎಂದರೆ ದೊಡ್ಡದು, ಬಡಿಸುವಂಥದ್ದು. ಸುತ್ತಲೂ ನಾಲ್ಕು ತುಂಡು ಕಬ್ಬಿಣದ ಕಂಬಿ ನಿಲ್ಲಿಸಿ, ಎಲ್ಲವನ್ನೂ ಒಂದೇ ತಂತಿಯಿಂದ ಜೋಡಿಸಿ 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಪ್ಲಸ್ಸಿಗೆ ಕೊಡಿ. ವೈಸಿನ ಭಾಗಗಳನ್ನು ನಡುವೆ, ಕಂಬಿಗೆ ತಾಗದಂತೆ ತೂಗಬಿಟ್ಟು ಮೈನಸ್ಸಿಗೆ ಕೊಡಿ. ಇದು ಅದಲುಬದಲಾದರೆ ನಿಮ್ಮ ವೈಸೇ ಕರಗುತ್ತದೆ, ಆದ್ದರಿಂದ ಸ್ವಿಚ್ ಹಾಕುವ ಮುನ್ನ ಎರಡು ಬಾರಿ ನೋಡಿ. ಎರಡರಿಂದ ಐದು ಆಂಪಿಯರ್ ಹರಿದರೆ ಸಾಕು, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯಲ್ಲಿ ತುಕ್ಕು ಕಪ್ಪು ಕೆಸರಾಗಿ ಬಿಡುತ್ತದೆ. ಕಂಬಿಯ ಮೇಲೆ ಕಂದು ಪದರ ದಪ್ಪಗಾಗಿ ಕರೆಂಟು ಇಳಿಯುತ್ತ ಬಂದರೆ, ಸ್ವಿಚ್ ಆರಿಸಿ ಕಂಬಿ ಕೆರೆದು ಮತ್ತೆ ಇಡಿ.

ಮೂರು ತಪ್ಪು ಮಾಡಬಾರದು. ಕಂಬಿಯ ಬದಲು ಹಳೆಯ ಸ್ಟೀಲ್ ಚಮಚ, ತಟ್ಟೆ ಹಾಕಬಾರದು, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಸತುವಿನ ಲೇಪವಿರುವ ಜಿಐ ಪೈಪೂ ಬೇಡ. ಸೋಡಾ ಬದಲು ಅಡುಗೆ ಉಪ್ಪು ಹಾಕಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಮಾಡಬಾರದು. ಟಬ್ಬಿನಲ್ಲಿ ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಹತ್ತಿರ ಬೀಡಿ, ಬೆಂಕಿ, ಗ್ರೈಂಡರಿನ ಕಿಡಿ ಯಾವುದೂ ಬರಕೂಡದು. ನಿಮ್ಮ ತೆರೆದ ಜಗಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಹೊರತೆಗೆದ ತಕ್ಷಣ ಪ್ಲಾಸ್ಟಿಕ್ ಬ್ರಷ್ಷಿನಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಒರೆಸಿ ಬಿಸಿಲಿಗಿಟ್ಟು ಎಣ್ಣೆ ಸವರಿ. ಹಸಿ ಕಬ್ಬಿಣ ಕೆಲವೇ ನಿಮಿಷದಲ್ಲಿ ಮತ್ತೆ ಕೆಂಪಾಗುತ್ತದೆ, ಊಟ ಮಾಡಿ ಬಂದು ಮಾಡುತ್ತೇನೆ ಎಂದರೆ ಅರ್ಧ ಶ್ರಮ ಹೋದಂತೆ. ಚಾರ್ಜರ್ ಇಲ್ಲದಿದ್ದರೆ ಸಿಟ್ರಿಕ್ ಆಸಿಡ್ ಆದೀತು, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿ. ಲೀಟರ್ ನೀರಿಗೆ 50 ಗ್ರಾಂ, ಒಂದು ರಾತ್ರಿ. ಅದಕ್ಕಿಂತ ಹೆಚ್ಚು ಬಿಟ್ಟರೆ ಬೀಡಿನ ಮೈ ಕಪ್ಪಾಗಿ ಸವೆಯುತ್ತದೆ. ತೆಗೆದ ಮೇಲೆ ಸೋಡಾ ನೀರಿನಲ್ಲಿ ಅದ್ದಿ ಆಸಿಡ್ಡಿನ ಅಂಶ ತೆಗೆಯಬೇಕು.

ಇನ್ನು ಜೋಡಣೆ. ಸ್ಕ್ರೂವಿಗೂ ನಟ್ಟಿಗೂ ಗ್ರೀಸ್ ಹಚ್ಚಿ ಕೂರಿಸಿ, ಹಿಡಿಯನ್ನು ಹಿಂದೆ ಮುಂದೆ ಆಡಿಸಿ. ದವಡೆ ಅಲುಗದೆ ಹಿಡಿ ಕಾಲು ಸುತ್ತು ಬರಿದೇ ಆಡಿದರೆ ಪರವಾಗಿಲ್ಲ. ಅರ್ಧ ಸುತ್ತು ಮೀರಿದರೆ ನಟ್ಟು ಸವೆದಿದೆ, ಹಳೆಯದನ್ನು ಮಾದರಿಗೆ ಕೊಟ್ಟು ಲೇತ್ ಅಂಗಡಿಯಲ್ಲಿ ಹೊಸದು ಮಾಡಿಸಿ. ದವಡೆ ಮುಚ್ಚಿ ಎಡ, ಬಲ, ಮೇಲೆ ಒಂದೊಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಮೂರೂ ಬಿಗಿಯಾಗಿರಬೇಕು. ಮೇಲಿನದು ಮಾತ್ರ ಸುಲಭವಾಗಿ ಜಾರಿ ಬಂದರೆ ಪಟ್ಟಿಯ ಹಿಂದೆ, ಮೇಲಂಚಿನ ಕಡೆಗೆ, ತಂಪು ಪಾನೀಯದ ಡಬ್ಬಿಯ ತಗಡಿನ ತುಂಡು ಕೊಟ್ಟರೆ ಸಾಕು.

ಮೇಜಿಗೆ ಕೂರಿಸುವಾಗ ಎಷ್ಟೋ ಜನ ಒಂದು ಮಾತು ಮರೆಯುತ್ತಾರೆ: ಹಿಂದಿನ, ಅಲುಗದ ದವಡೆಯ ಮುಖ ಮೇಜಿನ ಅಂಚಿನಿಂದ ಕೂದಲೆಳೆಯಷ್ಟಾದರೂ ಹೊರಗಿರಬೇಕು. ಆಗಲೇ ಉದ್ದದ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ನೆಲದವರೆಗೂ ಇಳಿಬಿಟ್ಟು ಹಿಡಿಯಬಹುದು. ಹಲಗೆ 40 ಮಿ.ಮೀ. ದಪ್ಪವಾದರೂ ಇರಲಿ, ಬೋಲ್ಟು ಆರಪಾರ ಹಾಯಲಿ, ಅಡಿಯಲ್ಲಿ ಅಗಲ ವಾಷರ್ ಇರಲಿ. ಮರದ ಸ್ಕ್ರೂ ತಿಂಗಳೊಪ್ಪತ್ತಿನಲ್ಲಿ ಕಿತ್ತುಬರುತ್ತದೆ. ನೀವು ನಿಂತು ಕೈ ಮಡಚಿದಾಗ ಮೊಣಕೈ ಎಲ್ಲಿಗೆ ಬರುತ್ತದೋ ದವಡೆಯ ಮೇಲಂಚು ಅಲ್ಲಿರಲಿ. ಕಿಟಕಿ ಸೆಕ್ಷನ್ ಮಾಡುವವರ ಬಳಿ ಅಲ್ಯೂಮಿನಿಯಂ ಕೋನದ ಎರಡು ತುಂಡು ಕೇಳಿ ತಂದು ದವಡೆಯ ಮೇಲೆ ತೊಡಿಸಿದರೆ, ಹಿತ್ತಾಳೆ, ಮರ, ಉಕ್ಕಿನ ನಯವಾದ ಮೈಗೆ ಹಲ್ಲಿನ ಗುರುತು ಬೀಳುವುದಿಲ್ಲ.

ವರ್ನಿಯರಿನ ಪರೀಕ್ಷೆ

ಅಗ್ಗದ ಡಿಜಿಟಲ್ ವರ್ನಿಯರ್ 0.01 ಮಿ.ಮೀ. ತೋರಿಸುತ್ತದೆ. ತೋರಿಸುವುದು ಬೇರೆ, ಅಷ್ಟು ನಿಜವಾಗಿ ಅಳೆಯುವುದು ಬೇರೆ. ಅದನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ, ಅತಿ ನಿಖರವಾದ ವಸ್ತು ಬಾಲ್ ಬೇರಿಂಗ್. 608 ನಂಬರಿನದಕ್ಕೆ ಒಳವ್ಯಾಸ 8, ಹೊರವ್ಯಾಸ 22 ಮಿ.ಮೀ. 6203ಕ್ಕೆ ಒಳಗೆ 17, ಹೊರಗೆ 40. ಒಳ್ಳೆಯ ತಯಾರಕರ ಹೊಸ ಬೇರಿಂಗಿನಲ್ಲಿ ಈ ಅಳತೆಗಳು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೇ ಆಚೀಚೆ ಇರುತ್ತವೆ. ಬೇರಿಂಗಿನ ದಪ್ಪವನ್ನು ಮಾತ್ರ ಅಳತೆಗೋಲು ಮಾಡಿಕೊಳ್ಳಬೇಡಿ. 608ರ ದಪ್ಪ 7 ಮಿ.ಮೀ. ಎಂದು ಪಟ್ಟಿಯಲ್ಲಿದ್ದರೂ, ಅಲ್ಲಿ ಹತ್ತನೇ ಒಂದು ಭಾಗದಷ್ಟು ಕಡಿಮೆ ಇದ್ದರೂ ನಡೆಯುತ್ತದೆ ಎಂಬುದು ಬೇರಿಂಗಿನ ನಿಯಮ.

ದವಡೆ ಒರೆಸಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ಸಂದಿಯಲ್ಲಿ ಬೆಳಕು ನುಸುಳಬಾರದು. ಹತ್ತು ಬಾರಿ ತೆರೆದು ಮುಚ್ಚಿ, ಪ್ರತಿ ಬಾರಿ ಸೊನ್ನೆಗೇ ಮರಳಬೇಕು. ಆಮೇಲೆ 22 ಮತ್ತು 40 ಅಳೆಯಿರಿ. ಎರಡರಲ್ಲೂ ವ್ಯತ್ಯಾಸ ಒಂದೇ ಆಗಿದ್ದರೆ ಸೊನ್ನೆ ತಪ್ಪಿದೆ, ಮತ್ತೆ ಒತ್ತಿ ಸರಿಮಾಡಿ. ಅಳತೆ ದೊಡ್ಡದಾದಂತೆ ವ್ಯತ್ಯಾಸವೂ ಬೆಳೆದರೆ ಒಳಗಿನ ಪಟ್ಟಿಯೇ ಸರಿಯಿಲ್ಲ, ಅದಕ್ಕೆ ಮದ್ದಿಲ್ಲ. ದವಡೆಯ ಬುಡದಲ್ಲಿ ಒಂದು, ತುದಿಯಲ್ಲಿ ಇನ್ನೊಂದು ತೋರಿಸಿದರೆ ಜಾರುವ ಭಾಗ ಸಡಿಲವಿದೆ. ಮೇಲಂಚಿನ ಎರಡು ಸಣ್ಣ ಸ್ಕ್ರೂಗಳನ್ನು ಪೂರ್ತಿ ಬಿಗಿದು ಎಂಟನೇ ಒಂದು ಸುತ್ತು ಬಿಡಿ. ಎಲ್ಲ ಕಡೆ 0.03 ಒಳಗೆ ಬಂದರೆ ಮನೆಯ ಕೆಲಸಕ್ಕೆ ಅದು ಧಾರಾಳ ಸಾಕು. ಅಂಕಿ ಮಿನುಗತೊಡಗಿದರೆ ಸೆಲ್ ಇಳಿದಿದೆ ಎಂದರ್ಥ. ಎಲ್‌ಆರ್44 (ಆಲ್ಕಲೈನ್) ಸೆಲ್ ಬದಲು ಎಸ್‌ಆರ್44 (ಸಿಲ್ವರ್ ಆಕ್ಸೈಡ್) ಹಾಕಿ, ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ. ಅಗ್ಗದ ವರ್ನಿಯರುಗಳು ಆರಿಸಿಟ್ಟಾಗಲೂ ಸೆಲ್ ತಿನ್ನುತ್ತವೆ, ವಾರಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ.

ಮೂಲೆಮಟ್ಟ, ರಸಮಟ್ಟ ಕೊಂಡಾಗಲಂತೂ ಹೋಲಿಕೆಗೆ ಬೇರೆ ವಸ್ತುವೇ ಬೇಡ. ನೇರ ಅಂಚಿನ ಹಲಗೆಗೆ ಮೂಲೆಮಟ್ಟ ಒತ್ತಿ ಗೆರೆ ಎಳೆಯಿರಿ, ಮಗುಚಿ ಅದೇ ಚುಕ್ಕೆಯಿಂದ ಇನ್ನೊಂದು ಎಳೆಯಿರಿ. ಗೆರೆಗಳ ನಡುವೆ ಬಾಯಿ ಬಿಟ್ಟಿದ್ದರೆ ನಿಜವಾದ ದೋಷ ಅದರ ಅರ್ಧ. ರಸಮಟ್ಟವನ್ನೂ ಹಾಗೇ ತಿರುಗಿಸಿಟ್ಟು ನೋಡಿ. ಗುಳ್ಳೆ ಎರಡು ಸಲವೂ ಒಂದೇ ಜಾಗದಲ್ಲಿ ನಿಲ್ಲಬೇಕು. ಅಂಗಡಿಯ ಕೌಂಟರಿನ ಮೇಲೇ ಮಾಡಬಹುದಾದ ಪರೀಕ್ಷೆ ಇವು, ಸಂಕೋಚಪಡಬೇಡಿ.

ಉಳಿಗಳು

ಉಳಿಯನ್ನು ಕರೆಂಟಿನ ಸ್ನಾನಕ್ಕೆ ಹಾಕಬೇಡಿ. ಹದ ಕೊಟ್ಟ ಗಟ್ಟಿ ಉಕ್ಕು ಹೈಡ್ರೋಜನ್ ಹೀರಿದರೆ ಪೆಡಸಾಗಿ ಮುರಿಯಬಹುದು. ಸೀಮೆಎಣ್ಣೆ ಹಚ್ಚಿ ವಾಟರ್ ಪೇಪರಿನಿಂದ (ನೆನೆಸಿ ಬಳಸುವ ಉಜ್ಜುಕಾಗದ) ಉಜ್ಜಿದರೆ ತುಕ್ಕು ಬಿಡುತ್ತದೆ. ಆಮೇಲೆ ಅಂಚಿನ ಹತ್ತಿರ ಹಳೆಯ ಅರದ ಮೂಲೆಯಿಂದ ಗೀರಿ. ಅರ ಜಾರಿದರೆ ಹದ ಉಳಿದಿದೆ, ಬೆಣ್ಣೆಯಂತೆ ಕಚ್ಚಿದರೆ ಹೋಗಿದೆ. ಅಂಚು ನೀಲಿಗಟ್ಟಿದ್ದರೆ ಯಾರೋ ಒಣಗಲ್ಲಿನ ಮೇಲೆ ಸುಟ್ಟಿದ್ದಾರೆ ಎಂದರ್ಥ. ಉಕ್ಕು ಸುಮಾರು 300 ಡಿಗ್ರಿ ಮುಟ್ಟಿದರೆ ಆ ಬಣ್ಣ ಬರುತ್ತದೆ, ಅಷ್ಟರಲ್ಲಿ ಉಳಿಗೆ ಬೇಕಾದ ಹದ ಇಳಿದಿರುತ್ತದೆ. ನೀಲಿ ಎಷ್ಟು ದೂರವಿದೆಯೋ ಅಷ್ಟನ್ನೂ, ಅಡಿಗಡಿಗೆ ನೀರಿಗೆ ಅದ್ದುತ್ತ, ಸವೆಸಿ ತೆಗೆಯಬೇಕು.

ಹರಿತ ಮಾಡಲು ಗ್ರಾನೈಟ್ ಅಂಗಡಿಯಲ್ಲಿ ಒಂದು ಅಡಿ ಉದ್ದದ ಪಾಲಿಶ್ ತುಂಡು ಕೇಳಿ. ನಮ್ಮ ರಾಜ್ಯದಲ್ಲಿ ಅದಕ್ಕೆ ಬರವಿಲ್ಲ, ಕತ್ತರಿಸಿ ಉಳಿದ ಚೂರನ್ನು ಹಲವರು ಪುಕ್ಕಟೆಯಾಗಿಯೇ ಕೊಡುತ್ತಾರೆ. ಅದರ ಮೇಲೆ ನೀರು ಚಿಮುಕಿಸಿ 220, 400, 800, 1500ರ ವಾಟರ್ ಪೇಪರುಗಳನ್ನು ಒಂದೊಂದಾಗಿ ಅಂಟಿಸಿ. ಮೊದಲು ಉಳಿಯ ಬೆನ್ನು. ಅಂಚಿನಿಂದ ಹಿಂದಕ್ಕೆ 25 ಮಿ.ಮೀ. ಪೂರ್ತಿ ಚಪ್ಪಟೆಯಾಗಿ, ಕನ್ನಡಿಯಂತೆ ಆಗುವವರೆಗೆ ಬಿಡಬೇಡಿ. ಹಳೆಯ ಉಳಿ ಹರಿತ ನಿಲ್ಲುವುದಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ. ಬೆನ್ನಿನ ತುಕ್ಕಿನ ಗುಳಿ ಅಂಚಿಗೆ ಬಂದ ಕಡೆ ಹರಿತವೆಂಬುದೇ ಇರುವುದಿಲ್ಲ.

ಇಳಿಜಾರಿನ ಕೋನಕ್ಕೆ ಕೋನಮಾಪಕ ಬೇಡ. ಇಳಿಜಾರಿನ ಉದ್ದ ಉಳಿಯ ದಪ್ಪದ ಸರಿಯಾಗಿ ಎರಡರಷ್ಟಿದ್ದರೆ 30 ಡಿಗ್ರಿ, ಸುಮಾರು 2.4ರಷ್ಟಿದ್ದರೆ 25 ಡಿಗ್ರಿ. ನಾಲ್ಕು ಮಿ.ಮೀ. ದಪ್ಪದ ಉಳಿಗೆ 8 ಅಥವಾ 9.5 ಮಿ.ಮೀ. ತೇಗ, ಹೊನ್ನೆಗೆ ಸುತ್ತಿಗೆ ಹಾಕಿ ಕೆತ್ತುವ ಉಳಿಗೆ 30 ಇರಲಿ. ಕೈಯಿಂದಲೇ ತಳ್ಳಿ ಸವರುವುದಕ್ಕೆ 25. ಇಳಿಜಾರು ಉಜ್ಜುತ್ತ ಹೋದಂತೆ ಬೆನ್ನಿನ ಕಡೆ ಬೆರಳಿಗೆ ಸಿಗುವ ಲೋಹದ ಸಣ್ಣ ತೆಳು ಏಣು ಏಳುತ್ತದೆ. ಅದು ಅಂಚಿನುದ್ದಕ್ಕೂ ಎದ್ದ ಮೇಲೇ ಮುಂದಿನ ಪೇಪರಿಗೆ ಹೋಗಿ. ಕೊನೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ, ಅಂಚು ಹಿಂದಿರುವಂತೆ, ಎರಡೂ ಬದಿ ಇಪ್ಪತ್ತು ಬಾರಿ ಎಳೆಯಿರಿ.

ಮೂರು ಸಾವಿರ ರೂಪಾಯಿ

ಈ ಕ್ರಮದಲ್ಲೇ ಕೊಳ್ಳಿ, ಹಣ ಮುಗಿದಲ್ಲಿ ನಿಲ್ಲಿಸಿ. ಗ್ರೈಂಡರಿನ ಗಾರ್ಡ್. ಬದಿಯೂ ಮುಚ್ಚುವ ಪಾಲಿಕಾರ್ಬೊನೇಟ್ ಕನ್ನಡಕ. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದಿದ್ದರೆ ಜಗಲಿಯ ಸಾಕೆಟ್ಟಿಗೆ ಅದು, ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವ ಊರು ನಿಮ್ಮದು.

ಆಮೇಲೆ ಎಕ್ಸ್‌ಟೆನ್ಷನ್. ಸಿದ್ಧ ಬೋರ್ಡ್ ಬೇಡ, 1.5 ಚದರ ಮಿ.ಮೀ.ನ ಮೂರೆಳೆಯ ತಾಮ್ರದ ಕೇಬಲ್ ತಂದು ನೀವೇ ಜೋಡಿಸಿ. 850 ವಾಟಿನ ಗ್ರೈಂಡರ್ 230 ವೋಲ್ಟಿನಲ್ಲಿ 3.7 ಆಂಪಿಯರ್ ಎಳೆಯುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಅರ್ಧ ಚದರ ಮಿ.ಮೀ.ನ ಇಪ್ಪತ್ತು ಮೀಟರ್ ವೈರಿನಲ್ಲಿ ಹೋಗಿ ಬರುವ ತಡೆ 1.4 ಓಮ್. ಓಡುವಾಗ ಐದು ವೋಲ್ಟ್ ಅಲ್ಲೇ ಕರಗುತ್ತದೆ, ಚಾಲೂ ಆಗುವಾಗ ಅದಕ್ಕಿಂತ ಎಷ್ಟೋ ಹೆಚ್ಚು. ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ಹೊರೆಯ ಕೆಲಸವಿದ್ದಾಗ ಸುರುಳಿ ಪೂರ್ತಿ ಬಿಚ್ಚಿಡಿ, ಸುತ್ತಿದ ಸುರುಳಿ ಒಳಗೊಳಗೇ ಕಾದು ಕರಗುತ್ತದೆ.

ಇನ್ನು ಕೈಯ ಸಾಮಾನು. ಹತ್ತು ಇಂಚಿನ ಒರಟು ಅರ ಒಂದು, ಆರು ಇಂಚಿನ ನಯ ಅರ ಒಂದು, ಎರಡಕ್ಕೂ ಮರದ ಹಿಡಿ. ಹಿಡಿ ಇಲ್ಲದ ಅರದ ಬಾಲ ಅಂಗೈಗೆ ಹೊಗುತ್ತದೆ. ಒಂದು ಹ್ಯಾಕ್ಸಾ, ಇಂಚಿಗೆ 24 ಹಲ್ಲಿನ ಬೈಮೆಟಲ್ ಬ್ಲೇಡು ಎರಡು, ಹಲ್ಲು ಮುಂದಕ್ಕೆ ಮುಖ ಮಾಡಿರಲಿ. ತೆಳು ತಗಡು, ಪೈಪಿಗೆ 32 ಹಲ್ಲಿನದು. ಏಕಕಾಲಕ್ಕೆ ಮೂರು ಹಲ್ಲಾದರೂ ಲೋಹದ ಮೇಲಿರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಉದುರುತ್ತವೆ. ಡ್ರಿಲ್ ಬಿಟ್ಟಿನಲ್ಲಿ ಬಂಗಾರದ ಬಣ್ಣದ ಹದಿಮೂರರ ಡಬ್ಬಿ ಬಿಡಿ, ಬಣ್ಣದ ಒಳಗೆ ಏನಿದೆಯೋ ತಿಳಿಯದು. 3.3, 4.2, 5, 6.8, ಈ ನಾಲ್ಕನ್ನೇ ಬಿಡಿಯಾಗಿ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂದು ಅಚ್ಚಾದದ್ದು, ಹೆಸರುಳ್ಳ ತಯಾರಕರದು ತನ್ನಿ. ಎಂ4, ಎಂ5, ಎಂ6, ಎಂ8 (4, 5, 6, 8 ಮಿ.ಮೀ.) ಬೋಲ್ಟಿಗೆ ತೂತಿನೊಳಗೆ ಮರೆ, ಅಂದರೆ ಸುರುಳಿ ಗೆರೆ, ಹಾಕಲು ಕ್ರಮವಾಗಿ ಈ ತೂತುಗಳೇ ಬೇಕು. ಬಿಟ್ಟನ್ನು ಗಾಜಿನ ಕೌಂಟರಿನ ಮೇಲೆ ಉರುಳಿಸಿ ನೋಡಿ, ತೊನೆದರೆ ಬೇಡ. ತುದಿಯ ಎರಡು ಅಲಗು ಒಂದೇ ಉದ್ದ ಇರಬೇಕು, ಒಂದು ಉದ್ದವಾಗಿದ್ದರೆ ತೂತು ದೊಡ್ಡದಾಗುತ್ತದೆ.

ಉಕ್ಕಿನಲ್ಲಿ 6 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ ಸುಮಾರು 1,300 ಸುತ್ತು, 10ಕ್ಕೆ 800 ಸಾಕು. ಕೈಡ್ರಿಲ್ಲನ್ನು ಪೂರ್ತಿ ಒತ್ತಿದರೆ ಎಷ್ಟೋ ಯಂತ್ರಗಳು 2,800 ಓಡುತ್ತವೆ, ಡ್ರಿಲ್ ಬಿಟ್ ಸುಡುವುದು ಅದರಿಂದಲೇ. ಉಕ್ಕಿಗೆ ಎಣ್ಣೆ ಬಿಡಿ, ಮನೆಯ ತೆಂಗಿನೆಣ್ಣೆಯಾದರೂ ಆದೀತು. ಅಲ್ಯೂಮಿನಿಯಂಗೆ ಸೀಮೆಎಣ್ಣೆ. ಬೀಡಿಗೆ ಏನೂ ಬೇಡ. ಸ್ಟೇನ್‌ಲೆಸ್ ಸ್ಟೀಲಿಗೆ ನಿಧಾನ ವೇಗ, ಬಲವಾದ ಒತ್ತು. ಹಗುರಾಗಿ ಉಜ್ಜುತ್ತ ನಿಂತರೆ ಅದರ ಮೈ ಗಟ್ಟಿಯಾಗಿ, ಡ್ರಿಲ್ ಬಿಟ್ ಮುಂದೆ ಹೋಗುವುದೇ ಇಲ್ಲ.

ಗುಜರಿಯಲ್ಲಿ ಹುಡುಕಬೇಕಾದ್ದು

ಕಣ್ಣಿಗೆ ಕಾಣುವ ದೋಷವನ್ನು ಅರ, ಕಲ್ಲು, ಎಣ್ಣೆಯಿಂದ ತಿದ್ದಬಹುದೇ ಎಂಬುದೊಂದೇ ಪ್ರಶ್ನೆ ಕೇಳಿಕೊಂಡು ಕೈಹಾಕಿ. ತಿದ್ದಬಹುದಾದರೆ ಎಷ್ಟು ತುಕ್ಕಿದ್ದರೂ ತನ್ನಿ. ಹಳೆಯ ಪಾನಾ, ಸುತ್ತಿಗೆ ತಲೆ, ಸಿ-ಕ್ಲಾಂಪ್, ಮರಗೆಲಸದ ಉಜ್ಜುಗೊರಡಿನ ಅಲಗು ಆ ಜಾತಿಯವು. ಹಳೆಯ ಅರಗಳನ್ನು ಕೆತ್ತುವ ಚೂರಿ ಮಾಡಲು ಕೊಳ್ಳಬಹುದು, ಆದರೆ ಹಾಗೆಯೇ ಸನ್ನೆಗೋಲಿನಂತೆ ಮೀಟಲು ಹೋದರೆ ಗಾಜಿನಂತೆ ಮುರಿಯುತ್ತವೆ. ಬೆಂಗಳೂರಿಗೆ ಹೋದಾಗ ಎಸ್‌ಜೆಪಿ ರಸ್ತೆಯಲ್ಲಿ ಹೊಸ ಸಾಮಾನು, ಪಕ್ಕದ ಎಸ್‌ಪಿ ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಬೇಕಾದ ಅಳತೆ ಬರೆದುಕೊಂಡು ಹೋಗಿ.

ಮೈಕ್ರೋವೇವ್ ಓವನ್ ಮಾತ್ರ ಬಿಚ್ಚಬೇಡಿ. ಅದರ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟ್ ಕೊಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೊಲ್ಲುವಷ್ಟು ಕರೆಂಟು ಕೂತಿರಬಹುದು. ಕೆಟ್ಟ ಪ್ರಿಂಟರ್ ಸಿಕ್ಕರೆ ಬಿಡಬೇಡಿ. ಇಂಕಿನ ತಲೆ ಅತ್ತಿತ್ತ ಜಾರುವ ಉಕ್ಕಿನ ಸರಳು ಹಲವು ಮಾದರಿಗಳಲ್ಲಿ ಸಾಣೆ ಹಿಡಿದದ್ದು, ದಾರ ಎಳೆದಷ್ಟು ನೇರ. ನಿಮ್ಮ ಗ್ರಾನೈಟ್ ತುಂಡಿನ ಮೇಲಿಟ್ಟು ಉರುಳಿಸಿ, ಅಡಿಯಲ್ಲಿ ಬೆಳಕು ಕಾಣದಿದ್ದರೆ ಮುಂದೆ ನೀವೇ ಮಾಡಿಕೊಳ್ಳುವ ಡ್ರಿಲ್ ಸ್ಟ್ಯಾಂಡಿಗೆ ಅದು ಕಂಬವಾಗದಿದ್ದರೂ, ಅತ್ತಿತ್ತ ಜಾರಿಸಿ ಅಳತೆಗೆ ನಿಲ್ಲಿಸುವ ಮರದ ತಡೆಗೆ ಹಳಿಯಾಗುತ್ತದೆ.